ಹದಿನೆಂಟನೆಯ ಮೊಳಕೆ

ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ‘ಶೇಕಡಾ ಮೇಷ್ಟ್ರು’ ಎಂಬ ಒಂದು ತಳಿ ಉಂಟು. ನಿವೃತ್ತರು, ಕಿಸೆಯಲ್ಲಿ ಪೆನ್ನು. ಯಾರಾದರೂ ‘ತೊಂಬತ್ತು ಪರ್ಸೆಂಟ್’ ಅಂದರೆ ಸಾಕು, ‘ಎಷ್ಟಕ್ಕೆ ಸ್ವಾಮಿ?’ ಎಂದು ಅಡ್ಡ ಬಾಯಿ ಹಾಕುತ್ತಾರೆ. ಅವರೆದುರು ಕೂತವರ ಬೆಣ್ಣೆ ದೋಸೆ ಬಿಸಿಯಿರುವಾಗಲೇ ಹೊಟ್ಟೆ ಸೇರಿದ್ದು ಅಪರೂಪ. ಆದರೂ ಪ್ರಶ್ನೆ ನ್ಯಾಯವಾದದ್ದೇ. ಎಷ್ಟರಲ್ಲಿ ಎಂದು ಹೇಳದ ಶೇಕಡಾ, ತೂಕದ ಕಲ್ಲಿಲ್ಲದ ತಕ್ಕಡಿ. ಹತ್ತು ಪರ್ಸೆಂಟ್ ರಿಯಾಯಿತಿ ತೆಗೆಯಲೂ ಮೊಬೈಲ್ ತಡಕುವ ನಮ್ಮಂಥವರು ಅವರನ್ನು ನೋಡಿ ನಗುವ ಹಾಗಿಲ್ಲ. ಸಂಖ್ಯಾಶಾಸ್ತ್ರದ ಸಿ.ಆರ್. ರಾವ್ 1920ರಲ್ಲಿ ಹುಟ್ಟಿದ್ದು ಹರಪನಹಳ್ಳಿಯ ಆಚೆಗಿನ ಹೂವಿನ ಹಡಗಲಿಯಲ್ಲಿ. ಆ ನೆರೆಹೊರೆಯ ಹಕ್ಕನ್ನೂ ಮೇಷ್ಟ್ರು ಬಿಟ್ಟುಕೊಡುವುದಿಲ್ಲ.

ಅವರು ಎಡವುವುದು ಗುಣಾಕಾರದಲ್ಲಲ್ಲ, ಅದು ಮುಗಿದ ಮೇಲೆ. ಹೈಬ್ರಿಡ್ ಮೆಕ್ಕೆಜೋಳದ ಬೀಜಕ್ಕೆ ಶೇ. 90 ಮೊಳಕೆ ಎನ್ನೋಣ. ಇಪ್ಪತ್ತು ಕಾಳು ಊರಿದರೆ 0.90ನ್ನು 20ರಿಂದ ಗುಣಿಸಿ, ನಿರೀಕ್ಷಿತ ಸಂಖ್ಯೆ 18. ಇಲ್ಲಿಯವರೆಗೆ ತಕರಾರಿಲ್ಲ. ಆದರೆ ಮೇಷ್ಟ್ರಿಗೆ 18 ಎಂದರೆ ಬೀಜ ಬರೆದುಕೊಟ್ಟ ಪತ್ರ. ಹದಿನೇಳು ಬಂದರೆ ಅಂಗಡಿಯವನು ಕಳ್ಳ, ಹತ್ತೊಂಬತ್ತು ಬಂದರೆ ತಮ್ಮ ಕೈಗುಣ. ಲೆಕ್ಕ ಹಾಕಿದರೆ, ಸರಿಯಾಗಿ ಹದಿನೆಂಟೇ ಮೊಳೆಯುವುದು ನೂರರಲ್ಲಿ ಸುಮಾರು 29 ಸಲ ಮಾತ್ರ. ಬೇರಾವ ಸಂಖ್ಯೆಗೂ ಅಷ್ಟು ಸಾಧ್ಯತೆಯಿಲ್ಲ, ನಿಜ. ಆದರೂ ಎಪ್ಪತ್ತೊಂದು ಸಲ ಮೇಷ್ಟ್ರ ಮುಖ ಬಾಡಲೇಬೇಕು ಅಥವಾ ಉಬ್ಬಲೇಬೇಕು. ಜಾಸ್ತಿ ಬೀಜ ಹಾಕಿದರೆ ಕೂಡಿ ಬರುತ್ತದಲ್ಲ ಎಂಬ ಅವರ ವಾದ ಅರ್ಧ ನಿಜ. ಎರಡು ಸಾವಿರ ಕಾಳಿಗೆ ಶೇಕಡಾ ಮಾತ್ರ 90ರ ಹತ್ತಿರ ಬಂದು ಕೂರುತ್ತದೆ. ನಿಖರವಾಗಿ 1,800 ಸಿಗುವ ಸಾಧ್ಯತೆಯೋ ನೂರಕ್ಕೆ ಮೂರಕ್ಕಿಳಿಯುತ್ತದೆ. ಇನ್ನು 25 ಕಾಳಿಗೆ ನಿರೀಕ್ಷೆ 22.5. ಅರ್ಧ ಮೊಳಕೆಯನ್ನು ಯಾವ ಹೊಲದಲ್ಲಿ ಹುಡುಕುವುದು? ಅದು ಮತ್ತೆ ಮತ್ತೆ ಬಿತ್ತಿದಾಗ ಬರುವ ಸರಾಸರಿ, ಯಾವುದೇ ಒಂದು ಸಾಲಿನ ಬೆಳೆಯಲ್ಲ.

ಹಾಗಾದರೆ ಈ ಲೆಕ್ಕ ಯಾವ ಪುರುಷಾರ್ಥಕ್ಕೆ ಎಂದು ಕೇಳುವವರಿದ್ದಾರೆ. ಎರಡು ಸಾವಿರ ಗುಣಿಯಲ್ಲಿ ಹೆಚ್ಚುಕಡಿಮೆ ಇನ್ನೂರು ಹುಸಿಯಾಗಬಹುದು ಎಂದು ಗೊತ್ತಿದ್ದರೆ ಮರುಬಿತ್ತನೆಗೆ ಬೀಜ ಎತ್ತಿಡಬಹುದು. ನಿರೀಕ್ಷಿತ ಸಂಖ್ಯೆ ಇರುವುದೇ ಇಂಥ ಸಿದ್ಧತೆಗೆ. ಮೇಷ್ಟ್ರೂ ಮರೆಯದೆ ಎತ್ತಿಡುತ್ತಾರೆ. ಆದರೆ ಹಿತ್ತಿಲ ಸಾಲಿನಲ್ಲಿ ಹದಿನೇಳು ತಲೆ ಎತ್ತಿದ ದಿನ ಆ ಬೀಜ ಡಬ್ಬಿಯಲ್ಲೇ ಉಳಿಯುತ್ತದೆ. ಸಂಜೆ ಟಾರ್ಚ್ ಹಿಡಿದು, ಹದಿನೆಂಟನೆಯದಕ್ಕಾಗಿ ಮಣ್ಣು ಕೆದಕಿ, ಪಕ್ಕದ ಎಳೆಯದೊಂದನ್ನು ಮುರಿದು, ಹದಿನಾರು ಎಂದು ಬರೆದುಕೊಂಡು ಒಳಗೆ ಬರುತ್ತಾರೆ.