ಐರಣಿಗೆ ಬಂದ ಹಳೇ ಲ್ಯಾಪ್‌ಟಾಪು

ತುಂಗಭದ್ರೆಯ ದಂಡೆಯ ಐರಣಿಗೆ, ನಮ್ಮ ದೊಡ್ಡಪ್ಪನ ಮನೆಗೆ, ಬೆಂಗಳೂರಿನ ಅಳಿಯ ಬಿಟ್ಟುಕೊಟ್ಟ ಥಿಂಕ್‌ಪ್ಯಾಡ್ ಟಿ61 ಬಂತು. 2007ರ ಮಾಲು. ಕೀಬೋರ್ಡಿನ ನಟ್ಟನಡುವೆ ಕೆಂಪು ಗುಂಡಿ.

“ಬ್ಯಾಡಗಿ ಮೆಣಸಿನಕಾಯಿ ಚೂರು ಸಿಕ್ಕೊಂಡೈತಿ, ಕಡ್ಡಿ ತಾ” ಎಂದರು ದೊಡ್ಡಪ್ಪ. ಥಿಂಕ್‌ಪ್ಯಾಡಿಗೆ 1992ರಿಂದಲೂ ಅದೇ ಮೌಸು, ಒತ್ತಿದತ್ತ ಬಾಣ ಓಡುತ್ತದೆ ಎಂದು ನಂಬಿಸುವಷ್ಟರಲ್ಲಿ ಚಹಾ ಆರಿತು.

ವೈಫೈ ಮಾತ್ರ ಏಳಲೊಲ್ಲದು. ಇಂಜಿನಿಯರಿಂಗ್ ಓದುವ ಮೊಮ್ಮಗ ಡ್ರೈವರ್ ತೆಗೆದ, ಹಾಕಿದ, ಮತ್ತೆ ತೆಗೆದ. ದೊಡ್ಡಪ್ಪ ಮುಂದಿನ ಅಂಚು ತಡವಿ, ಅಲ್ಲಿದ್ದ ಪುಟ್ಟ ಸ್ವಿಚ್ಚನ್ನು ಉಗುರಿನಿಂದ ಸರಿಸಿದರು. ಬಂತು!

“ಪಂಪ್‌ಸೆಟ್ ಬಿಚ್ಚೂಕಿಂತ ಮೊದ್ಲ ಸ್ಟಾರ್ಟರ್ ನೋಡಬೇಕಲೇ ತಮ್ಮಾ.”

ರಾತ್ರಿ ಕರೆಂಟು ಹೋಯಿತು. ಎಫ್‌ಎನ್ ಜೊತೆ ಪೇಜ್‌ಅಪ್ ಒತ್ತಿದರೆ ಪರದೆಯ ಮೇಲಂಚಿನಿಂದ ಕೀಲಿಗಳ ಮೇಲೆ ಸಣ್ಣ ದೀಪ. ಈಗಿನ ತೆಳು ಲ್ಯಾಪ್‌ಟಾಪುಗಳಲ್ಲಿ ಬೆಳಕು ಕೀಲಿಗಳ ಕೆಳಗಿರುತ್ತದೆ. ಅದರಲ್ಲಿ ಉದ್ರಿ ವಹಿ ಓದಲಾದೀತೇ? ಬ್ಯಾಟರಿಯ ಉಸಿರು ಇರುವಷ್ಟು ಹೊತ್ತು ದೊಡ್ಡಪ್ಪ ಪೇಟೆಯ ಪಟ್ಟಿಗಳನ್ನೆಲ್ಲ ಕೂಡಿಸಿದರು.

ಈಗ ಮೋಡೆಮ್ಮಿನ ಕಿಂಡಿಗೆ ಚುಚ್ಚಲು ಹಳೇ ಟೆಲಿಫೋನ್ ವೈರು ಹುಡುಕುತ್ತಿದ್ದಾರೆ. ಬೇಡವೆಂದರೆ, “ಕಿಂಡಿ ಕೊಟ್ಟಾರಂದ್ರ ಸುಮ್ನ ಕೊಟ್ಟಿರ್ತಾರೇನು?” ಎನ್ನುತ್ತಾರೆ.