ಬಡತನಕ್ಕೆ ಆರ್.ಡಿ. ನಂಬರ್ ಇದೆಯಾ?

ನಂದಗುಡಿಯಲ್ಲಿ ಪಿಯುಸಿ ಪಾಸಾದ ಹುಡುಗ ಮೊದಲು ಸೇರುವ ವಿಶ್ವವಿದ್ಯಾಲಯ ನಾಡಕಚೇರಿ. ಅಲ್ಲಿ ಮೇಷ್ಟ್ರಿಲ್ಲ, ಸರ್ವರ್ ಇದೆ; ಅದೂ ಆಗಾಗ ರಜೆಯ ಮೇಲಿರುತ್ತದೆ. ಜಾತಿ-ಆದಾಯ ಪತ್ರ ಕೈಗೆ ಬಂದು, ಅದರ ಆರ್.ಡಿ. ನಂಬರನ್ನು ಹಾಸ್ಟೆಲ್ ಪೋರ್ಟಲ್ ಒಪ್ಪುವವರೆಗೆ ಅವನ ಬಡತನ ಬರೀ ವದಂತಿ. ಆಧಾರ್‌ನಲ್ಲಿ ಹಿಂದಿರುವ ಇನಿಷಿಯಲ್ ಮಾರ್ಕ್ಸ್ ಕಾರ್ಡಿನಲ್ಲಿ ಮುಂದಿದ್ದರೆ ಒಬ್ಬ ಬಡವ ಇಬ್ಬರಾಗುತ್ತಾನೆ. ಇಬ್ಬರಿಗೂ ಸೀಟಿಲ್ಲ.

ಇಷ್ಟೆಲ್ಲ ಗೆದ್ದು ಹೊಸಕೋಟೆಯ ಕಾಲೇಜು ಸೇರಿದನೆನ್ನಿ. ಪಾಠ ಶುರುವಾಯಿತು, ಹಾಸ್ಟೆಲ್ ಆಯ್ಕೆ ಪಟ್ಟಿ ಮಾತ್ರ ಹೊಸ ಅಳಿಯನ ಹಾಗೆ, ಕರೆದಷ್ಟೂ ಬಿಂಕ. “ಲಿಸ್ಟ್ ಬರ್ಲಿ, ನೋಡಾಣ ಕಣಪ್ಪ” ಎನ್ನುತ್ತಾರೆ ವಾರ್ಡನ್. ಅದು ಬರುವಷ್ಟರಲ್ಲಿ ಇಂಟರ್ನಲ್ಸ್ ಮುಗಿದು, ಹುಡುಗ ಬಸ್ಸಿನ ಕಂಬಿ ಹಿಡಿದು ನಿಂತೇ ನಿದ್ದೆ ಮಾಡುವುದನ್ನು ಕಲಿತಿರುತ್ತಾನೆ. ಹುಡುಗಿಯರಿಗೆ 2023ರ ಜೂನ್‌ನಿಂದ ‘ಶಕ್ತಿ’ ಬಂದಿದೆ. ಟಿಕೆಟ್ ಪುಕ್ಕಟೆಯಾದ ಮೇಲೆ ಹಾಸ್ಟೆಲ್ ಯಾಕಮ್ಮ ಎಂದು ಮನೆಯವರೇ ಕೇಳುತ್ತಾರೆ.

ಸೀಟು ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆಂದು 2013-14ರಲ್ಲಿ ‘ವಿದ್ಯಾಸಿರಿ’ ಶುರುವಾಯಿತು. ಊಟ-ವಸತಿಗೆ ತಿಂಗಳಿಗೆ 1,500 ರೂಪಾಯಿ, ವರ್ಷಕ್ಕೆ 10 ತಿಂಗಳು. ಮಿಕ್ಕ ಎರಡು ತಿಂಗಳು ಹಿಂದುಳಿದವರಿಗೆ ಹಸಿವಾಗುವುದಿಲ್ಲವೆಂಬುದು ಆಗಲೇ ಪತ್ತೆಯಾಗಿತ್ತು.

ಹುಡುಗನನ್ನು ಬಿಡಿ, ವಿಶ್ವವಿದ್ಯಾಲಯಕ್ಕೇ ಸ್ವಂತ ನೆಲೆ ಎಲ್ಲಿದೆ? 2017ರಲ್ಲಿ ಬೆಂಗಳೂರು ವಿ.ವಿ.ಯನ್ನು ಮೂರು ಹೋಳು ಮಾಡಿದಾಗ ನಮ್ಮ ಹೊಸಕೋಟೆ ತಾಲ್ಲೂಕು ಉತ್ತರ ವಿ.ವಿ.ಯ ಪಾಲಿಗೆ ಬಂತು. ಹೆಸರಿನಲ್ಲಿ ಬೆಂಗಳೂರು, ವಾಸ ಕೋಲಾರದ ಟಮಕ. ವಾಸಸ್ಥಳ ದೃಢೀಕರಣ ಕೇಳಿದ್ದರೆ ಅದರ ಅರ್ಜಿಯೂ ತಿರಸ್ಕೃತವಾಗುತ್ತಿತ್ತು.

ಹಿಂದೆ ವಾರಾನ್ನವಿತ್ತು. ದಿನಕ್ಕೊಂದು ಮನೆಯ ಊಟ, ಆದಾಯ ಪತ್ರ ಯಾರೂ ಕೇಳುತ್ತಿರಲಿಲ್ಲ. ಜಾತಿ ಮಾತ್ರ ಕೇಳುತ್ತಿದ್ದರು. ಆಮೇಲೆ ಜಾತಿಗೊಂದು ಸಂಘ, ಸಂಘಕ್ಕೊಂದು ಹಾಸ್ಟೆಲ್ ಆಯಿತು. ಎಷ್ಟೋ ಹಳ್ಳಿ ಹುಡುಗರು ಓದಿದ್ದೇ ಅವುಗಳಿಂದ, ಅದನ್ನು ಅಲ್ಲಗಳೆಯಲಾಗದು. ಈಗಿನ ಪಿ.ಜಿ. ಮಾಲೀಕರಷ್ಟು ಜಾತ್ಯತೀತರು ಬೇರಿಲ್ಲ: ಜಾತಿ ಬೇಡ, ಅಡ್ವಾನ್ಸ್ ಸಾಕು. ಆರು ಮಂಚದ ಕೋಣೆ, ಬೆಳಿಗ್ಗೆ ಚಿತ್ರಾನ್ನ, ರಾತ್ರಿ ಅದರ ಪುನರ್ಜನ್ಮ.

ಇದನ್ನು ಮನೆ ಎನ್ನಬಹುದೇ? ವಾಸದ ಮನೆಯಲ್ಲ, 12% ಜಿಎಸ್‌ಟಿ ಕಟ್ಟಿ ಎಂದಿತು 2023ರಲ್ಲಿ ಕರ್ನಾಟಕದ ಮುಂಗಡ ತೀರ್ಪು ಪ್ರಾಧಿಕಾರ. ತಿಗಣೆಗಳ ಜೊತೆ ಮಲಗಿದವರಿಗೆ ಅದು ಮೊದಲೇ ಗೊತ್ತಿತ್ತು. ಮರುವರ್ಷ ಜಿಎಸ್‌ಟಿ ಮಂಡಳಿಗೆ ಕರುಣೆ ಬಂತು: ಬಾಡಿಗೆ ತಿಂಗಳಿಗೆ 20,000 ರೂಪಾಯಿ ಮೀರದೆ, ಸತತ 90 ದಿನ ಇದ್ದರೆ ತೆರಿಗೆ ಮಾಫಿ. ಇಪ್ಪತ್ತು ಸಾವಿರ ಬಾಡಿಗೆ ಕಟ್ಟುವವನಿಗೆ ಯಾವ ಆರ್.ಡಿ. ನಂಬರೂ ಬೇಡ, 1,500ಕ್ಕೆ ಕೈಚಾಚುವವನಿಗೆ ಎಲ್ಲವೂ ಬೇಕು.

ಒಂದು ಕಾಲಕ್ಕೆ ಇದೇ ನಂದಗುಡಿಯ ಸುತ್ತ ಸಾವಿರಾರು ಎಕರೆ ಹೊಲವನ್ನು ವಿಶೇಷ ಆರ್ಥಿಕ ವಲಯಕ್ಕೆಂದು ಗುರುತಿಸಿ, ರೈತರನ್ನು ಬೀದಿಗಿಳಿಸಿದ್ದರು. ಕಂಪನಿಗೆ ಅಷ್ಟು ಜಾಗ ಕಂಡ ಕಣ್ಣಿಗೆ ರೈತನ ಮಗನ ಮಂಚಕ್ಕೆ ಆರಡಿ ಕಾಣುತ್ತಿಲ್ಲ.

ಮಕ್ಕಳನ್ನು ಓದಿಸುವವರಲ್ಲಿ ಒಂದು ಮನವಿ: ಫಲಿತಾಂಶಕ್ಕೆ ಕಾಯಬೇಡಿ. ಇವತ್ತೇ ಆಧಾರ್ ಮತ್ತು ಮಾರ್ಕ್ಸ್ ಕಾರ್ಡ್ ಪಕ್ಕಪಕ್ಕ ಇಟ್ಟು ಇನಿಷಿಯಲ್ ನೋಡಿ. ಸೋಮವಾರ ಬೆಳಿಗ್ಗೆಯೇ ನಾಡಕಚೇರಿಗೆ ಹೋಗಿ, ಬುತ್ತಿ ಕಟ್ಟಿಕೊಂಡು.