ಡೆವಿಲ್ ಮಾತಿಗೆ ಸಿಕ್ಕಾಗ

ಪುಣೆ ಕ್ಯಾಂಪು, ಈಸ್ಟ್ ಸ್ಟ್ರೀಟಿನ ಹಿಂದಿನ ಗಲ್ಲಿ. ರದ್ದಿ ಅಂಗಡಿಯ ಕಟ್ಟೊಂದರಲ್ಲಿ ಹಳೆಯ ಇಂದ್ರಜಾಲ ಕಾಮಿಕ್ಸ್. ಪಿನ್ನು ತುಕ್ಕು ಹಿಡಿದು ನಡುಹಾಳೆಯಲ್ಲಿ ಕಂದು ಕಲೆ. ಫ್ಯಾಂಟಮ್ಮನ ಅಂಗಿಯ ನೇರಳೆ ಬಣ್ಣ ಗೆರೆ ದಾಟಿ ಪಕ್ಕದ ಮರಕ್ಕೂ ಮೆತ್ತಿದೆ. ಅವನ ಕಾಲ ಬಳಿ ಕೂತಿದ್ದ ಡೆವಿಲ್ ಮಾತಿಗೆ ಸಿಕ್ಕರು.

ಪ್ರಶ್ನೆ: ನಮಸ್ಕಾರ. ರದ್ದಿಗೆ ಬಂದು ಎಷ್ಟು ದಿನ ಆಯ್ತು?

ಡೆವಿಲ್: ರದ್ದಿ ಅನ್ನಬ್ಯಾಡ್ರಿ. 1964ರ ಮಾರ್ಚಿನಲ್ಲಿ ಟೈಮ್ಸ್ ಬಳಗದವರು ನಮ್ಮನ್ನು ಶುರು ಮಾಡಿದರು, 1990ಕ್ಕೆ ಬಾಗಿಲು ಹಾಕಿದರು. ಆಮೇಲೆ ನಾವು ‘ರೇರ್’. ಪಕ್ಕದ ಎಂಜಿನಿಯರಿಂಗ್ ಗೈಡುಗಳು ಕಿಲೋ ಲೆಕ್ಕದಲ್ಲಿ ಹೋಗ್ತಾವೆ. ನನ್ನ ಬೆಲೆ ಕೇಳಿ ನೋಡ್ರಿ.

ಪ್ರಶ್ನೆ: ನಿಮ್ಮ ಕಥೆಗಳಲ್ಲಿ ಪ್ರಾಣಿಗಳನ್ನು ಉಳಿಸೋದು ಬಹಳ ಸಲೀಸು.

ಡೆವಿಲ್: ಫ್ಯಾಂಟಮ್ ಒಂದು ಗುದ್ದು ಕೊಟ್ಟರೆ ಬೇಟೆಗಾರನ ದವಡೆ ಮೇಲೆ ಉಂಗುರದ ತಲೆಬುರುಡೆ ಗುರುತು. ಮುಂದಿನ ಚೌಕದಲ್ಲಿ ಮರಿ ತಾಯಿಯ ಹತ್ತಿರ. ಅರಿವಳಿಕೆ ಇಲ್ಲ, ಬಲೆ ಇಲ್ಲ, ಪಂಚನಾಮೆ ಇಲ್ಲ. ಇನ್ನು ಏಡನ್ ದ್ವೀಪಕ್ಕೆ ಹೋದರಂತೂ ಹುಲಿ, ಸಿಂಹ ಜಿಂಕೆಯ ಪಕ್ಕದಲ್ಲೇ ಕೂತು ಮೀನು ತಿಂತಾವೆ.

ಪ್ರಶ್ನೆ: ಹುಲಿ ಅದಕ್ಕೆ ಒಪ್ತಾ?

ಡೆವಿಲ್: ನಮ್ಮ ಕಥೆಗಾರ ಲೀ ಫಾಕ್ ಬರೆದರು, ಅದು ತಿಂತು. ಹುಲಿಯನ್ನ ಯಾರು ಕೇಳ್ತಾರ್ರೀ?

ಪ್ರಶ್ನೆ: 2020ರ ಡಿಸೆಂಬರ್ 9ರಂದು ಇಲ್ಲೇ ಕೋಥರೂಡಿಗೆ ಕಾಡುಕೋಣ ಬಂದಿತ್ತು...

ಡೆವಿಲ್: (ಕಿವಿ ಇಳಿಸಿ) ಗೊತ್ತು. ದಾರಿ ತಪ್ಪಿ ಹೌಸಿಂಗ್ ಸೊಸೈಟಿಗೆ ನುಗ್ಗಿತ್ತು. ಮೊಬೈಲ್ ಹಿಡಿದು ಬೆನ್ನು ಹತ್ತಿದವರೆಷ್ಟು, ಕೇಕೆ ಹಾಕಿದವರೆಷ್ಟು! ತಾಸುಗಟ್ಟಲೆ ದಿಕ್ಕೆಟ್ಟು ಓಡಿತು. ಅರಿವಳಿಕೆ ಕೊಟ್ಟು ಹಿಡಿದರು, ಆದರೆ ಜೀವ ಉಳಿಯಲಿಲ್ಲ. ಎರಡು ವಾರದೊಳಗೆ ಬಾವಧನ ಕಡೆ ಇನ್ನೊಂದು ಬಂತು. ಆ ಸಲ ಜನರನ್ನು ದೂರ ನಿಲ್ಲಿಸಿದರು, ಅದು ಕಾಡಿನ ದಾರಿ ಹಿಡೀತು. ಗುದ್ದೂ ಬೇಕಾಗಲಿಲ್ಲ, ಉಂಗುರವೂ ಬೇಕಾಗಲಿಲ್ಲ.

ಪ್ರಶ್ನೆ: ಹಾಗಾದ್ರೆ ನಿಮ್ಮ ಯಜಮಾನರ ಗುಟ್ಟೇನು?

ಡೆವಿಲ್: ಚೌಕ ಸಣ್ಣದು, ಅದೇ ಗುಟ್ಟು. ಒಬ್ಬ ನಾಯಕ, ಒಬ್ಬ ಖಳ, ಒಂದು ಪ್ರಾಣಿ. ಜಾಗ ಉಳಿದರೆ ಮೂಲೆಯಲ್ಲಿ ನಾನು. ನಮ್ಮ ಕಥೆಯ ನಾಡು ಡೆಂಕಾಲಿಯ ಜನವೆಲ್ಲ ಸೆಲ್ಫಿಗೆ ಬಂದು ನಿಂತರೆ ಚಿತ್ರಗಾರನ ಕೈ ಸೋತುಹೋಗ್ತದೆ. ಅದಕ್ಕೇ ಅವರನ್ನು ಬರೆಯೋದಿಲ್ಲ, ಅದಕ್ಕೇ ನಮ್ಮ ಪ್ರಾಣಿಗಳು ಬದುಕ್ತಾವೆ.

ಪ್ರಶ್ನೆ: ನಿಮ್ಮಂಥ ಚುರುಕು ನಾಯಿ ಇಲ್ಲಿನ ಅರಣ್ಯ ಇಲಾಖೆಗೆ ಸಿಕ್ಕಿದ್ದರೆ...

ಡೆವಿಲ್: ನಾಯಿ ಅಲ್ರೀ, ತೋಳ! ಯಾರಾದರೊಬ್ಬರು ಹಿಂಗೇ ಅಂತಾರೆ, ಯಜಮಾನರು ತಿದ್ದಬೇಕು. ಸಾಸವಡದ ಹುಲ್ಲುಗಾವಲಲ್ಲಿ ನಮ್ಮ ಪೈಕಿಯವರಿದ್ದಾರೆ, ಬೇಕಿದ್ರೆ ವಿಚಾರಿಸ್ರಿ.

ಪ್ರಶ್ನೆ: ಸರಿ, ತೋಳ ಅಂತಲೇ ಅಚ್ಚು ಹಾಕಿಸ್ತೀನಿ. ಗಲ್ಲಿ, ಅಂಗಡಿ, ಗುರುತು ಸಮೇತ.

ಡೆವಿಲ್: (ಬೀದಿಯಲ್ಲಿ ಆಗಲೇ ನಾಲ್ಕು ಮಂದಿ ಮೊಬೈಲ್ ಎತ್ತಿದ್ದನ್ನು ಕಂಡು) ಬ್ಯಾಡ, ಬ್ಯಾಡ. ನಾಯಿ ಅಂತಲೇ ಬರ್ಕೊಳ್ರಿ.